ಎಡಗಡೆಯ ಪೆಡಲು

"ಗುರುಗಳೇ, ಆ ಅಣ್ಣತಮ್ಮಂದಿರು ಇಬ್ಬರಿಗೂ ಒಂದೇ ಪಾಠ, ಒಂದೇ ಗದರಿಕೆ. ದೊಡ್ಡವನು ಅದರಲ್ಲೇ ಹದವಾದ. ಚಿಕ್ಕವನು ಗದರಿದಷ್ಟೂ ಬಾಯಿ ಬಿಡುವುದಿಲ್ಲ. ಬರುತ್ತಿದ್ದ ಪದ್ಯವನ್ನೂ ಈಗ ಮರೆತಿದ್ದಾನೆ. ಹಿಡಿದ ಪಟ್ಟು ಬಿಡಬಾರದು ಎಂದವರು ನೀವೇ. ಇನ್ನೂ ಬಿಗಿ ಮಾಡಲೋ, ಊರಿಗೆ ಕಳಿಸಿಬಿಡಲೋ?"

ಮಠದ ಪಾಠಶಾಲೆಯಲ್ಲಿ ಪಾಠ ಹೇಳುವ ಶಿಷ್ಯ ಚನ್ನವೀರ ಹೀಗೆ ಕೇಳಿದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಸೊಪ್ಪು ಮಾರುವವಳಿದ್ದಳು. ನಸುಕಿನಲ್ಲಿ ಸೊಪ್ಪು ಕಿತ್ತು, ತಲೆಯ ಮೇಲೆ ಹೊತ್ತು ಪೇಟೆಗೆ ನಡೆಯುತ್ತಿದ್ದಳು. ಪೇಟೆ ದೂರ. ಮುಟ್ಟುವಷ್ಟರಲ್ಲಿ ಬಿಸಿಲೇರಿ ಸೊಪ್ಪು ಬಾಡುತ್ತಿತ್ತು. ನಿತ್ಯ ಅದನ್ನು ಕೊಳ್ಳುತ್ತಿದ್ದವನು ಒಬ್ಬ ಖಾನಾವಳಿಯವನು. ಒಂದು ದಿನ ಅವನು, "ಬಾಡಿದ ಪಲ್ಲೆ ನನಗ ಬ್ಯಾಡವ್ವಾ. ಅಮಾಸಿ ತನಕ ನೋಡತೀನಿ. ಆಮ್ಯಾಲೂ ಹಿಂಗ ಆದರ ಬ್ಯಾರೇದವರ ಕಡೆ ತಗೋತೀನಿ" ಎಂದ. ಅವಳ ಮನೆಯ ಒಲೆ ಉರಿಯುತ್ತಿದ್ದುದು ಆ ಒಂದು ಗಿರಾಕಿಯಿಂದ.

ಅವಳು ಅಳುತ್ತ ಕೂರಲಿಲ್ಲ. ಹಿತ್ತಲಲ್ಲಿ ಅಪ್ಪನ ಕಾಲದ ಸೈಕಲ್ಲಿನ ಫ್ರೇಮು ಬಿದ್ದಿತ್ತು. ಅದರ ಮೇಲೆ ಕೋಳಿ ಕೂರುತ್ತಿದ್ದವು. ಕೋಳಿಗಳನ್ನು ಓಡಿಸಿ ಉಜ್ಜಿ ತೊಳೆದಳು. ಗುಜರಿ ಅಂಗಡಿಯಿಂದ ಗಾಲಿ ತಂದಳು, ಹಿಂದಿನದೊಂದು ಕಂಪನಿ, ಮುಂದಿನದೊಂದು. ಹ್ಯಾಂಡಲು ಅಣ್ಣನ ಮನೆಯದು, ಸೀಟು ಯಾರದೋ. ಗೇರು ಗೀರು ಏನೂ ಇಲ್ಲ. ತುಳಿದರೆ ಹೋಗಬೇಕು, ಅಷ್ಟೆ.

ನೆರೆಮನೆಯವಳು ಬಂದು ನಕ್ಕಳು. "ಇದು ಯಾವ ಜಾತಿ ಸೈಕಲ್ಲವ್ವಾ?"

"ಓಡೂ ಜಾತಿ, ಯಕ್ಕಾ."

ಮಾತು ಆಡಿಯಾಗಿತ್ತು, ಇನ್ನು ಓಡಿಸಲೇಬೇಕು. ಬಲಗಡೆಯ ಪೆಡಲನ್ನು ಬಲಕ್ಕೆ ತಿರುಗಿಸಿದಳು, ಸಲೀಸಾಗಿ ಕೂತಿತು. ಎಡಗಡೆಯದನ್ನೂ ಬಲಕ್ಕೇ ತಿರುಗಿಸಿದಳು. ನಲ್ಲಿಯಿಂದ ಹಿಡಿದು ಡಬ್ಬಿಯ ಮುಚ್ಚಳದವರೆಗೆ ಅವಳು ಕಂಡದ್ದೆಲ್ಲ ಬಿಗಿಯಾಗುವುದು ಬಲಕ್ಕೇ ತಾನೇ? ಆದರೆ ಅದು ಕೂರಲಿಲ್ಲ. ಎಣ್ಣೆ ಬಿಟ್ಟಳು. ಹಲ್ಲು ಕಚ್ಚಿ ತಿರುಗಿಸಿದಳು. ಕೊನೆಗೆ ಸುತ್ತಿಗೆ ತಂದಳು. ಕಬ್ಬಿಣದ ಪುಡಿ ಉದುರಿತು, ಪೆಡಲು ಒಳಗೆ ಹೋಯಿತು. ಗೆದ್ದೆ ಅಂದುಕೊಂಡಳು, ಪಾಪ.

ಮರುದಿನ ಅರ್ಧ ದಾರಿಯಲ್ಲಿ ಪೆಡಲು ಕಳಚಿ ಬಿತ್ತು, ಅವಳೂ ಬಿದ್ದಳು. ಸೊಪ್ಪನ್ನು ಎಮ್ಮೆಗಳು ತಿಂದವು. ಪೆಡಲಿಗೆ ಏನೂ ಆಗಿರಲಿಲ್ಲ. ಅದು ಕೂರಬೇಕಾದ ಕ್ರ್ಯಾಂಕಿನ, ಅಂದರೆ ಪೆಡಲು ಹಿಡಿಯುವ ಕಬ್ಬಿಣದ ತೋಳಿನ, ತೂತು ಮಾತ್ರ ಸವೆದು ಹಾಳಾಗಿತ್ತು.

ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಮೊಣಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಗುಜರಿಗೆ ಹೋಗಿ ಬೇರೊಂದು ಎಡ ಕ್ರ್ಯಾಂಕು ತಂದಳು. ಅದರಲ್ಲಿ ಯಾವುದೋ ಮುರುಕು ಪೆಡಲು ಕಚ್ಚಿಕೊಂಡಿತ್ತು. ಅದನ್ನು ತೆಗೆಯಲು ಪಾನಾ ಹಾಕಿ ಎಡಕ್ಕೆ ತಿರುಗಿಸಿದಳು, ಅಲುಗಲಿಲ್ಲ. ಮೈಭಾರವನ್ನೆಲ್ಲ ಬಿಟ್ಟಳು, ಇನ್ನಷ್ಟು ಬಿಗಿಯಾಯಿತು. ಕೈ ಮತ್ತೆ ಸುತ್ತಿಗೆಯ ಕಡೆಗೆ ಹೋಯಿತು. ಈ ಸಲ ಎತ್ತಲಿಲ್ಲ. ಬಿಚ್ಚಲು ಹೋದರೆ ಇದೇಕೆ ಬಿಗಿಯಾಗುತ್ತಿದೆ ಎಂದು ನೋಡುತ್ತ ಕೂತಳು. ಕೂತು, ಮೆಲ್ಲಗೆ ಬಲಕ್ಕೆ ತಿರುಗಿಸಿದಳು. ಮುರುಕು ಪೆಡಲು ಬಿಚ್ಚಿಕೊಂಡಿತು. ಎಡಗಡೆಯ ತಿರುಪು ಬಿಗಿಯಾಗುವುದು ಎಡಕ್ಕೇ!

ಆಮೇಲೆ ತನ್ನ ಪೆಡಲನ್ನು ಎಡಕ್ಕೆ ತಿರುಗಿಸಿದಳು. ಬೆರಳಲ್ಲೇ ಕೂತಿತು. ಅಮಾವಾಸ್ಯೆಯ ಬೆಳಿಗ್ಗೆ ಖಾನಾವಳಿಯವನು ಬಾಗಿಲು ತೆಗೆಯುವಾಗ ಅವಳು ಹೊರಗೆ ನಿಂತಿದ್ದಳು, ಸೊಪ್ಪಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ.

ಚನ್ನವೀರ ಸಮಾಧಾನದಿಂದ ನಕ್ಕ. "ನೀವು ಹೇಳಿದ್ದೂ ಅದೇ ಅಲ್ಲವೇ ಗುರುಗಳೇ? ಅವಳು ಪಟ್ಟು ಬಿಡಲಿಲ್ಲ."

"ಬಿಡಲಿಲ್ಲ ನಿಜ, ಆದರೆ ನೀನು ಆ ಚಿಕ್ಕವನನ್ನು ಇಷ್ಟು ದಿನ ಬಿಗಿ ಮಾಡುತ್ತಿದ್ದೆಯೋ, ಬಿಚ್ಚುತ್ತಿದ್ದೆಯೋ?" ಎಂದರು ಗುರುಗಳು.