ಒಂದೇ ಸೂಜಿಯ ಎರಡು ಚೀಟಿ

ದಕ್ಷಿಣ ಅಮೆರಿಕದ ಹಸಿರು ಜೀರುಂಡೆಯೊಂದು ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ನೂರು ವರ್ಷದಿಂದ ಸೂಜಿಯ ಮೇಲೆ ಕೂತಿತ್ತು. ಅದರ ಕುಲದ ಹೆಸರು ಹೊತ್ತ ಚೀಟಿಯೂ ಅದೇ ಸೂಜಿಯಲ್ಲಿತ್ತು. ಒಂದು ದಿನ ಕೀಟಗಳನ್ನು ಪರೀಕ್ಷಿಸುವಾಕೆ ಬೇರೆಯೇ ಕುಲದ ಹೆಸರು ಬರೆದು, ಹೊಸ ಚೀಟಿಯೊಂದನ್ನು ಕೆಳಗೆ ಚುಚ್ಚಿದಳು.

ಹಳೇ ಚೀಟಿ ಹೊಸ ಚೀಟಿಯನ್ನು ಕೇಳಿತು: "ನಾನು ಹೇಳಿದ್ದರಲ್ಲಿ ಏನು ತಪ್ಪಾಯಿತಪ್ಪಾ?"

"ನಿಮ್ಮನ್ನು ಬರೆದವರು ಬಣ್ಣ ನೋಡಿದರು. ಈಕೆ ಹಾಡುವ ಅಂಗ ನೋಡಿದಳು," ಎಂದಿತು ಹೊಸ ಚೀಟಿ.

ಜೀರುಂಡೆ ಬೆರಗಾಯಿತು. "ಹಾಡುವುದೇ ನನ್ನ ಬಾಳಾಗಿತ್ತು. ನೂರು ವರ್ಷ ಅದನ್ನು ಯಾರೂ ನೋಡಲೇ ಇಲ್ಲವೇ?"

ಹಳೇ ಚೀಟಿಗೆ ನಾಚಿಕೆಯಾಯಿತು. "ಹಾಗಾದರೆ ನನ್ನನ್ನು ಹರಿದು ಬಿಸಾಡಲಿ."

"ಇಲ್ಲಿ ಹಳೇ ಚೀಟಿ ಹರಿಯುವ ಪದ್ಧತಿಯಿಲ್ಲ, ಅಜ್ಜಾ. ನಿಮ್ಮನ್ನು ಕಂಡರೆ ತಾನೇ ನಾಳೆ ಬಂದವರಿಗೆ ನನ್ನ ಮೇಲೂ ಅನುಮಾನ ಬರುವುದು!"