ಸಂಶಯದ ದೊರೆಯೂ ಗಣಕಶಾಲೆಯ ಕೆಂಚಮ್ಮನೂ

"ಕೇಳ್ರಪ್ಪೋ ಕೇಳಿ! ಮೂರು ಒಗಟು ಬಿಡಿಸಿದವರಿಗೆ ಗಣಕಾಧಿಕಾರಿಯ ಪಟ್ಟ, ಮೇಲೆ ಬೇಡಿದ್ದೊಂದು ವರ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಹೀಗೆ ಡಂಗುರ ಹೊಡೆಸಿದವನು ಹಿರೇಗಡದ ದೊರೆ ವೀರಮಲ್ಲ. ಅಡುಗೆಯವನು ಮೊದಲು ಉಂಡು ತೋರಿಸದೆ ತುತ್ತು ಮುಟ್ಟದವನು. ಮಂತ್ರಿ ನಕ್ಕರೆ ಯಾಕೆ ನಕ್ಕನೆಂದು ಮೂರು ದಿನ ಯೋಚಿಸುವವನು.

ಬುಟ್ಟಿ ಹೆಣೆಯುವವರ ಮಗಳು ಕೆಂಚಮ್ಮ ಅರಮನೆಯ ಗಣಕಶಾಲೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು, ದತ್ತಾಂಶದ ರಾಶಿಯಿಂದ ಅರ್ಥ ಹೆಕ್ಕುವುದು ಅಲ್ಲಿನ ಓದು. ವರ್ಷ ಕಳೆದರೂ ಅವಳ ಒಂದು ಪ್ರೋಗ್ರಾಮೂ ಮೊದಲ ಸಲಕ್ಕೇ ಓಡಿದ್ದಿಲ್ಲ. ಜೊತೆಯವರು ನಗುವಾಗ ಗುರು ಸೋಮಣಾರ್ಯರು ಮಾತ್ರ ಪಕ್ಕದಲ್ಲಿ ಕೂತು ತಿದ್ದಿಸುತ್ತಿದ್ದರು. ಆ ಗುರುವೇ ಮೊದಲ ಒಗಟಿಗೆ "ನೆರಳು" ಎಂದು ಹೇಳಿ ಸೆರೆಮನೆ ಸೇರಿದಾಗ, ಕೆಂಚಮ್ಮ ಎದ್ದು ಆಸ್ಥಾನಕ್ಕೆ ನಡೆದಳು.

"ನಿನ್ನನ್ನು ಕಳಿಸಿದವರು ಯಾರು?" ದೊರೆ ಕಣ್ಣು ಕಿರಿದು ಮಾಡಿದ.

"ಯಾರೂ ಇಲ್ಲ ಮಹಾಸ್ವಾಮಿ, ನಾನೇ ಬಂದೆ."

ನಂಬದೆಯೇ ದೊರೆ ಕೇಳಿದ: "ನನ್ನಲ್ಲೊಬ್ಬ ಆಳಿದ್ದಾನೆ. ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡುತ್ತಾನೆ, ಸುಳ್ಳಾಡುವುದಿಲ್ಲ. ಆದರೂ ಕೆಲಸ ಕೆಡುತ್ತದೆ. ಯಾರವನು?"

"ಗಣಕಯಂತ್ರ. ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ, ಮನಸ್ಸಿನಲ್ಲಿದ್ದದ್ದನ್ನಲ್ಲ. ವರ್ಷವಿಡೀ ಅದರಿಂದ ಪೆಟ್ಟು ತಿಂದಿದ್ದೇನೆ."

ದೊರೆ ತಲೆಯಾಡಿಸಿ ಎರಡನೆಯದನ್ನು ಕೇಳಿದ: "ನನ್ನ ಚಿಕಿತ್ಸಾಲಯದ ಪಟ್ಟಿಯಲ್ಲಿ ಇರುವ ಜ್ವರದವರೆಲ್ಲ ಗುಣವಾಗಿದ್ದಾರೆ. ಸ್ಮಶಾನದಲ್ಲೋ ಜಾಗವಿಲ್ಲ. ವೈದ್ಯ ಒಂದಕ್ಷರ ಸುಳ್ಳು ಬರೆದಿಲ್ಲ. ಹಾಗಾದರೆ ಮೋಸ ಎಲ್ಲಿದೆ?"

ಪಕ್ಕದಲ್ಲೇ ತನ್ನ ಸರದಿ ಕಾಯುತ್ತಿದ್ದ ಪಂಡಿತನೊಬ್ಬ ತಡೆಯಲಾರದೆ, "ವೈದ್ಯನೇ ಕಳ್ಳ!" ಎಂದ. ಕಾವಲಿನವರು ಅವನನ್ನು ಎಳೆದೊಯ್ದರು.

ಕೆಂಚಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಪಟ್ಟಿಗೆ ಸೇರದವರಲ್ಲಿದೆ, ಮಹಾಸ್ವಾಮಿ. ಬಾಗಿಲು ಮುಟ್ಟುವ ಮೊದಲೇ ಸತ್ತವರನ್ನು ಯಾರೂ ಬರೆದುಕೊಳ್ಳಲಿಲ್ಲ."

ಮೂರನೆಯ ಒಗಟಿಗೆ ದೊರೆ ಓಲೆಯ ಕಟ್ಟೊಂದನ್ನು ಮುಂದೆ ತಳ್ಳಿದ. "ನನ್ನ ಐವರು ಆಪ್ತರು ಯಾವಾಗ ಕೋಟೆ ದಾಟಿದರು, ನನ್ನ ಗುಟ್ಟು ಯಾವಾಗ ಹೊರಬಿತ್ತು, ಮೂವತ್ತು ದಿನದ ವಿವರ ಇದರಲ್ಲಿದೆ. ದ್ರೋಹಿ ಯಾರು?"

ಮೊದಲೆರಡು ಒಗಟು ಬಿಡಿಸಿ ತೀರ್ಪಿಗೆ ಅಲ್ಲೇ ಕಾದಿದ್ದ ಗಣಕಶಾಲೆಯ ಹಿರಿಯ ವಿದ್ಯಾರ್ಥಿ ರುದ್ರಸೇನ ಅವಳಿಗಿಂತ ಮೊದಲೇ ತನ್ನ ಉತ್ತರ ಹೇಳಿದ್ದ: "ಸೇನಾಪತಿ." ಸೇನಾಪತಿಯ ಮುಖ ಬಿಳಿಚಿತ್ತು.

ಕೆಂಚಮ್ಮ ಆಸ್ಥಾನದ ಗಣಕಯಂತ್ರಕ್ಕೆ ಓಲೆಯ ವಿವರವೆಲ್ಲ ತುಂಬಿದಾಗ ಅದೂ ಸೇನಾಪತಿಯ ಹೆಸರನ್ನೇ ಕೊಟ್ಟಿತು. ಅಷ್ಟು ಸುಲಭವಾಗಿ ಬಂದ ಉತ್ತರದ ಮೇಲೇ ಅವಳಿಗೆ ಗುಮಾನಿ ಬಂತು. ಗುಟ್ಟು ಹೊರಬಿದ್ದ ದಿನಗಳನ್ನು ಬೇಕೆಂದೇ ಅದಲುಬದಲು ಮಾಡಿ ಕಲಸಿ ಮತ್ತೆ ಓಡಿಸಿದಳು. ಮಂತ್ರಿಯ ಹೆಸರು ಬಂತು. ಇನ್ನೊಮ್ಮೆ ಕಲಸಿದಳು. ರಾಣಿಯ ಅಣ್ಣ! ಪ್ರತಿಸಲವೂ ಅಷ್ಟೇ ಖಾತ್ರಿಯಿಂದ.

"ಇದರಲ್ಲಿ ಯಾರ ಹೆಸರೂ ಇಲ್ಲ," ಎಂದಳು.

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. "ದ್ರೋಹಿಯನ್ನು ಮುಚ್ಚಿಡುತ್ತೀಯಾ?"

"ಇಲ್ಲ ಮಹಾಸ್ವಾಮಿ. ಸುಳ್ಳು ದಿನ ಕೊಟ್ಟರೂ ಒಬ್ಬ ದ್ರೋಹಿ ಸಿಗುತ್ತಾನೆ ಅಂದಮೇಲೆ, ಈ ಓಲೆ ನಂಬಿ ಒಬ್ಬರ ತಲೆ ತೆಗೆಸಲು ನಾನು ಒಲ್ಲೆ. ಬೇಕಾದರೆ ನನ್ನದೇ ತೆಗೆಸಿ."

ದೊರೆ ಮೆಲ್ಲನೆ ಕೈ ತೆಗೆದ. "ಅವನ್ನೆಲ್ಲ ನಾನು ಪಗಡೆಯ ದಾಳ ಉರುಳಿಸಿ ಬರೆದದ್ದು. ಇಲ್ಲದ್ದನ್ನು ಇಲ್ಲವೆನ್ನುವವರು ಬೇಕಾಗಿತ್ತು. ಏನು ವರ ಬೇಕು?"

"ಸೆರೆಯಲ್ಲಿರುವವರೆಲ್ಲ ಹೊರಗೆ ಬರಲಿ. ಮೊದಲು ನನ್ನ ಗುರುಗಳು."

"ಹಾಗೇ ಆಗಲಿ," ಎಂದು ದೊರೆ ಗಣಕಾಧಿಕಾರಿಯ ಮುದ್ರೆಯನ್ನು ಅವಳ ಕೈಗಿಟ್ಟ. ಆಮೇಲೆ ಪೆಟ್ಟಿಗೆಯಿಂದ ಹಳೆಯದೊಂದು ಕಟ್ಟು ತೆಗೆಸಿದ. "ಹೋದ ವರ್ಷ ಇದನ್ನು ನೋಡಿ ನನ್ನ ತಮ್ಮನನ್ನು ಗಡಿಪಾರು ಮಾಡಿದೆ. ಇದನ್ನೂ ಕಲಸಿ ನೋಡು, ತಾಯಿ."

ಅವಳು ಕಲಸಿ ನೋಡಿದಳು. ಅದರಲ್ಲೂ ಏನೂ ಇರಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ದೊರೆ ಯಾರಿಗೂ ಹೇಳದೆ, ಕಾವಲಿನವರನ್ನೂ ಕರೆಯದೆ, ತಮ್ಮನಿದ್ದ ಗಡಿಯ ಕಡೆಗೆ ಕುದುರೆ ಓಡಿಸಿದ.