ಹವಳದ ತೊಟ್ಟಿಗೆ ಬೇಡವಾದ ಮಾಪಕ

"ಗುರುಗಳೇ, ಎರಡು ಹೊತ್ತೂ ಜಪ ಮಾಡುತ್ತೇನೆ. ಸೋಮವಾರ ಉಪವಾಸ ಇರುತ್ತೇನೆ. ಆದರೂ ಸಿಟ್ಟು ದಿನದಿಂದ ದಿನಕ್ಕೆ ಹೆಚ್ಚುತ್ತಿದೆ. ಇನ್ನು ಯಾವ ವ್ರತ ಹಿಡಿಯಲಿ?" ಎಂದು ಶಿಷ್ಯ ಚನ್ನವೀರಯ್ಯ ಕೇಳಿದ.

ಗುರುಗಳು ಕಣ್ಣು ಮುಚ್ಚಿಕೊಂಡರು. ಹೋದ ತಿಂಗಳೂ ಅವನು ಇದನ್ನೇ ಕೇಳಿದ್ದ. ಹೊಸದೇನೂ ಬೇಡ ಎಂದು ಹೇಳಿ ಕಳುಹಿಸಿದ್ದರು. ಅವನು ಸೋಮವಾರದ ಉಪವಾಸವನ್ನು ಸೇರಿಸಿಕೊಂಡು ಬಂದಿದ್ದ. ಬೇಡ ಎಂದದ್ದು ಇವನ ಕಿವಿಗೆ ಬೀಳುವುದೇ ಇಲ್ಲವಲ್ಲ ಎಂದು ಅವರಿಗೆ ಸಾಕುಸಾಕಾಯಿತು.

"ಕೂತುಕೋ. ವ್ರತದ ಮಾತು ಆಮೇಲೆ," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಯ ತಮ್ಮ ತನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಬೆಳೆಸುತ್ತಿದ್ದ. ಹವಳವೆಂದರೆ ಉಂಗುರದ ಕಲ್ಲಲ್ಲ. ಉಂಡು ಬೆಳೆಯುವ ಜೀವ. ಆ ತಮ್ಮ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ತೊಟ್ಟಿ ಇನ್ನಾರದೋ ಪಾಲಾಯಿತು. ಅಕ್ಕ ಹವಳದ ಒಂದು ತುಣುಕನ್ನು ಮಾತ್ರ ಕೇಳಿ ತಂದುಕೊಂಡಳು.

"ಅವನು ಕೈಯಾರೆ ಬೆಳೆಸಿದ್ದರಲ್ಲಿ ನನಗೆ ಉಳಿದಿರೋದು ಇದೊಂದೇ. ಹೇಗಾದರೂ ಉಳಿಸಿಕೊಡಿ," ಎಂದು ಗಂಡನನ್ನು ಕೇಳಿಕೊಂಡಳು.

ಗಂಡ ಒಪ್ಪಿದ. ಆದರೆ ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಮೀನಿನ ಅಂಗಡಿಗೆ ಹೋಗಿ, ಚೌಕಾಸಿ ಮಾಡಿ, ಒಂದು ಸಣ್ಣ ತೊಟ್ಟಿ, ಒಂದು ಪಂಪು, ಒಂದು ದೀಪ, ಸಮುದ್ರದ ಉಪ್ಪಿನ ಪೊಟ್ಟಣ ಆರಿಸಿದ. ಅಂಗಡಿಯವನು ಅವುಗಳ ಪಕ್ಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಮಾಪಕವನ್ನು ಇಟ್ಟ. ಅದರೊಳಗೆ ಒಂದು ಮುಳ್ಳಿತ್ತು.

"ಇದೇನು ಮಾಡುತ್ತೆ?"

"ನೀರಲ್ಲಿ ಉಪ್ಪು ಎಷ್ಟಿದೆ ಅಂತ ಹೇಳುತ್ತೆ ಸಾರ್."

"ಹೇಳಿದ ಮೇಲೆ?"

"ಆಮೇಲೇನಿಲ್ಲ. ಹೇಳುತ್ತೆ, ಅಷ್ಟೇ. ಸರಿ ಮಾಡೋದು ನೀವು."

"ಪಂಪು ನೀರು ತಿರುಗಿಸುತ್ತೆ, ದೀಪ ಬೆಳಕು ಕೊಡುತ್ತೆ. ಇದು ಕೂತಲ್ಲೇ ಕೂತು ಬರೀ ಹೇಳುತ್ತಾ? ಅಂಥವರು ಮನೇಲೇ ಇದ್ದಾರೆ ಬಿಡಪ್ಪ," ಎಂದು ವ್ಯಾಪಾರಿ ಮಾಪಕವನ್ನು ಹಿಂದಕ್ಕೆ ತಳ್ಳಿದ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ, ಆರಿಸಿದ್ದಕ್ಕಿಂತ ದೊಡ್ಡ ದೀಪವನ್ನೇ ಕೊಂಡ.

ಮನೆಯಲ್ಲಿ ತೊಟ್ಟಿಯ ನೀರು ದಿನವೂ ಸ್ವಲ್ಪ ಆವಿಯಾಗಿ ಇಳಿಯುತ್ತಿತ್ತು. ಇಳಿದಷ್ಟಕ್ಕೂ ಅವನು ಉಪ್ಪು ಕದಡಿದ ನೀರನ್ನೇ ತುಂಬುತ್ತಿದ್ದ. ಹೆಂಡತಿ ಅದನ್ನು ನೋಡಿದಳು.

"ಬತ್ತಿದ ಸಾರಿಗೆ ನಾವು ನೀರು ಹಾಕ್ತೀವಿ, ಉಪ್ಪು ಹಾಕಲ್ಲ. ಇದಕ್ಯಾಕೆ ದಿನಾ ಉಪ್ಪುನೀರು?"

"ಇದು ಸಮುದ್ರ ಕಣೇ, ನಿನ್ನ ಸಾರಲ್ಲ. ಮಾಡೋನು ನಾನು. ಪಕ್ಕದಲ್ಲಿ ನಿಂತು ಹೇಳೋದು ಸುಲಭ."

ಆಮೇಲೆ ಅವಳು ಆ ಮಾತೆತ್ತಲಿಲ್ಲ.

ಹವಳ ಮುದುಡತೊಡಗಿತು. ಪಂಪಿಗೆ ಬಲ ಸಾಲದು ಎಂದುಕೊಂಡು ವ್ಯಾಪಾರಿ ದೊಡ್ಡ ಪಂಪು ತಂದ. ಹವಳ ಬಣ್ಣಗೆಟ್ಟಿತು. ನೀರು ಬಿಸಿಯಾಗಿರಬೇಕು ಎಂದು ಒಂದು ಫ್ಯಾನು ತಂದ. ದೀಪದ ಕಾವಿಗೆ, ಫ್ಯಾನಿನ ಗಾಳಿಗೆ ನೀರು ಮೊದಲಿಗಿಂತ ಬೇಗ ಇಳಿಯಿತು. ಅವನೂ ಮೊದಲಿಗಿಂತ ಹೆಚ್ಚು ಉಪ್ಪುನೀರು ಸುರಿದ. ತಂದ ಒಂದೊಂದು ಸಾಮಾನೂ ಹವಳವನ್ನು ಸಾವಿನ ಹತ್ತಿರಕ್ಕೇ ತಳ್ಳಿತು. ಹಬ್ಬಕ್ಕೆ ಮನೆಯವರಿಗೆ ಬಟ್ಟೆ ತರಲಿಲ್ಲ. ತೊಟ್ಟಿಗೆ ಮಾತ್ರ ಏನೂ ಕಡಿಮೆ ಮಾಡಲಿಲ್ಲ.

ಕೊನೆಗೆ ಒಂದು ಬಾಟಲಿಯಲ್ಲಿ ತೊಟ್ಟಿಯ ನೀರು ಹಿಡಿದುಕೊಂಡು ಹೋಗಿ ಅಂಗಡಿಯವನ ಮೇಲೆ ಹರಿಹಾಯ್ದ. "ನೀನು ಕೊಟ್ಟಿದ್ದೆಲ್ಲ ಡೂಪ್ಲಿಕೇಟು!"

ಅಂಗಡಿಯವನು ಆ ನೀರನ್ನು ಮಾಪಕಕ್ಕೆ ಸುರಿದ. ಮುಳ್ಳು ಇದ್ದ ಗುರುತುಗಳನ್ನೆಲ್ಲ ದಾಟಿ ಮೇಲಕ್ಕೆ ಹೋಗಿ ನಿಂತಿತು.

"ಸಾರ್, ನೀವು ಹವಳ ಸಾಕ್ತಿದ್ದೀರೋ, ಉಪ್ಪಿನಕಾಯಿ ಹಾಕಿದ್ದೀರೋ? ಆವಿಯಾಗಿ ಹೋಗೋದು ಬರೀ ನೀರು. ಉಪ್ಪು ಎಲ್ಲಿಗೆ ಹೋಗುತ್ತೆ? ಇಳಿದಷ್ಟಕ್ಕೂ ಸಪ್ಪೆ ನೀರು ಹಾಕಬೇಕಿತ್ತು."

ವ್ಯಾಪಾರಿ ಮಾಪಕವನ್ನು ಕೊಂಡು ಮನೆಗೆ ಓಡಿದ. ಅಷ್ಟರಲ್ಲಿ ಹವಳ ಸೀಮೆಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅದರಲ್ಲಿ ಜೀವ ಉಳಿದಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿ ರೇಗಿದ: "ಗೊತ್ತಿದ್ದೂ ಸುಮ್ಮನಿದ್ದೆಯಲ್ಲ! ಇನ್ನೊಂದು ಸಲ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

ಅವಳು ತೊಟ್ಟಿಯ ದೀಪ ಆರಿಸಿ ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರಯ್ಯನಿಗೆ ತಡೆಯಲಾಗಲಿಲ್ಲ.

"ಎಂಥ ದಡ್ಡ ಗುರುಗಳೇ ಅವನು! ತನ್ನ ತಪ್ಪಿಗೆ ಹೆಂಡತಿಯ ಮೇಲೆ ರೇಗುವುದೇ? ಅಷ್ಟೆಲ್ಲ ಖರ್ಚು ಮಾಡಿದವನಿಗೆ ಒಂದು ಮಾಪಕ ಭಾರವಾಯಿತೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ನಿನ್ನ ಸಿಟ್ಟು ಹೆಚ್ಚುತ್ತಿದೆ ಎಂದು ನಿನಗೆ ಮೊದಲು ಹೇಳಿದವರು ಈಗ ನಿನ್ನೊಡನೆ ಮಾತಾಡುತ್ತಾರೆಯೇ, ಚನ್ನವೀರಯ್ಯ?"